ಮಂಕು ಕವಿದ ಮನಸ್ಸು, ದಣಿದ ದೇಹ

ಕಳೆದ ಶ್ರಾವಣದಲ್ಲಿ ಮುಳಬಾಗಿಲು ಕಡೆಯ ಭಕ್ತರೊಬ್ಬರ ಮನೆಗೆ ಪ್ರಸಾದಕ್ಕೆ ಹೋಗಿದ್ದೆನು. ಐವತ್ತರ ಆಸುಪಾಸಿನ ಆ ಮನೆಯ ತಾಯಿ ಬಡಿಸುತ್ತಲೇ ಕಣ್ಣೊರೆಸಿಕೊಂಡರು. "ಅಯ್ಯನವರೇ, ಬೆಳಗ್ಗೆ ಏಳುವಾಗಲೇ ಸುಸ್ತು. ಕಾರಣವಿಲ್ಲದೆ ಎದೆ ಢವಢವ ಎನ್ನುತ್ತದೆ. ಪೂಜೆಗೆ ಕುಳಿತರೆ ಮಂತ್ರ ಎಲ್ಲಿಗೆ ಬಂತೆಂಬುದೇ ಮರೆತುಹೋಗುತ್ತದೆ. ನನ್ನ ಭಕ್ತಿ ಕಡಿಮೆಯಾಯಿತೇ?" ಮನೆಯವರು ಅದಾಗಲೇ ಎರಡು ಬಾರಿ ದೃಷ್ಟಿ ತೆಗೆಸಿದ್ದರು.

ಭಕ್ತಿಯ ಮಾತು ಆಮೇಲೆ, ಮೊದಲು ರಕ್ತ ಪರೀಕ್ಷೆ ಮಾಡಿಸಿರಿ ಎಂದೆನು. ಹಾಗೆನ್ನಲು ಸ್ವಾನುಭವವೇ ಕಾರಣ. ಕೆಲವು ವರ್ಷಗಳ ಹಿಂದೆ, ಮಠದಲ್ಲಿ ಬಾಲ್ಯದಲ್ಲಿಯೇ ಕಂಠಪಾಠ ಮಾಡಿದ್ದ ವಚನವೊಂದು ಪ್ರವಚನದ ನಡುವೆ ನನಗೆ ಹೊಳೆಯದೇ ಹೋಯಿತು. ಅಂಗಾಲುಗಳು ಜೋಮು ಹಿಡಿದಂತಿದ್ದವು. ವಯಸ್ಸಾಯಿತೆಂದು ಸುಮ್ಮನಿದ್ದೆ. ಪರೀಕ್ಷೆಯಲ್ಲಿ ಕಂಡದ್ದು ಬಿ-12 ಜೀವಸತ್ವದ ಕೊರತೆ.

ಶಾಕಾಹಾರಿಗಳಾದ ನಮ್ಮ ಮನೆತನಗಳು ಇದನ್ನು ವಿಶೇಷವಾಗಿ ಅರಿಯಬೇಕು. ರಾಗಿ, ಬೇಳೆ, ಸೊಪ್ಪು, ತರಕಾರಿ ಇವು ಯಾವುದರಿಂದಲೂ ಈ ಸತ್ವ ದೊರೆಯದು. ನಮಗೆ ಅದು ಬರುವುದು ಹಾಲು, ಮೊಸರುಗಳಿಂದ. ಅರ್ಧ ಲೀಟರ್ ಹಾಲಿನಲ್ಲಿ ಸುಮಾರು 2 ಮೈಕ್ರೋಗ್ರಾಂ ಇರುತ್ತದೆ. ವಯಸ್ಕರ ನಿತ್ಯದ ಅಗತ್ಯವೂ ಹೆಚ್ಚುಕಡಿಮೆ ಅಷ್ಟೇ. ಯಕೃತ್ತಿನಲ್ಲಿ ವರ್ಷಗಳಿಗಾಗುವಷ್ಟು ಸಂಗ್ರಹವಿರುವುದರಿಂದ ಕೊರತೆ ನಿಧಾನವಾಗಿ ಹೊರಗೆ ಕಾಣುತ್ತದೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನೋ, ಹೊಟ್ಟೆಯುರಿಗೆ ಆಮ್ಲ ತಗ್ಗಿಸುವ ಮಾತ್ರೆಯನ್ನೋ ಬಹುಕಾಲ ನುಂಗುವವರಲ್ಲಿ ಅದು ಮೈಗೆ ಹತ್ತುವುದು ಇನ್ನೂ ಕಡಿಮೆ. ನಿರ್ಲಕ್ಷಿಸಿದರೆ ನರಗಳಿಗೆ ಶಾಶ್ವತ ಹಾನಿಯಾಗಬಹುದು. ಬರಿಯ ಫೋಲಿಕ್ ಆಮ್ಲದ ಮಾತ್ರೆಯಿಂದ ರಕ್ತ ಸುಧಾರಿಸಿದಂತೆ ತೋರಿದರೂ ನರಗಳ ಹಾನಿ ಒಳಗೊಳಗೇ ಮುಂದುವರಿಯುವುದುಂಟು.

"ಆ ಇಂಜೆಕ್ಷನ್ ಮಾಂಸದಿಂದ ತೆಗೆದದ್ದೇ?" ಎಂದು ಆ ತಾಯಿ ಕೇಳಿದರು. ಪ್ರಶ್ನೆ ನ್ಯಾಯವಾದುದೇ. 1926ರಲ್ಲಿ ಅಮೆರಿಕದ ಮೈನಾಟ್ ಮತ್ತು ಮರ್ಫಿ ಎಂಬ ವೈದ್ಯರು ಇಂತಹ ಒಂದು ಮಾರಕ ರಕ್ತಹೀನತೆಗೆ ಪ್ರಾಣಿಗಳ ಯಕೃತ್ತನ್ನೇ ತಿನ್ನಿಸಿ ಗುಣಪಡಿಸಿದ್ದರು. 1948ರಲ್ಲಿ ಅದರೊಳಗಿನ ಸತ್ವ ಬೇರ್ಪಟ್ಟಿತು. ಈಗ ಅದನ್ನು ಸೂಕ್ಷ್ಮಾಣುಗಳನ್ನು ಹುದುಗಿಸಿ ತಯಾರಿಸುತ್ತಾರೆ. ಕ್ಯಾಪ್ಸೂಲಿನ ಹೊರಕವಚ ಮಾತ್ರ ಜೆಲಟಿನ್ ಇರಬಹುದು. ಅಳುಕುಳ್ಳವರು ಇಂಜೆಕ್ಷನ್ ಅಥವಾ ಸಾದಾ ಮಾತ್ರೆಯನ್ನು ಕೇಳಿ ಪಡೆಯಲಿ.

ಎಲ್ಲ ದಣಿವಿಗೂ ಇದೊಂದೇ ಕಾರಣವೆಂದಲ್ಲ. ಹೆಂಗಸರಲ್ಲಿ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. ಮುದ್ದೆ, ಸೊಪ್ಪಿನ ಸಾರು ಉಂಡೊಡನೆ ಕಾಫಿ ಕುಡಿಯುವ ನಮ್ಮ ಅಭ್ಯಾಸ ಕಬ್ಬಿಣದ ಅಂಶವನ್ನು ಮೈಗೂಡಗೊಡುವುದಿಲ್ಲ. ಬದಲಿಗೆ ಊಟದೊಡನೆ ನಿಂಬೆಹುಳಿ ಹಿಂಡಿಕೊಳ್ಳುವುದು ಲೇಸು. ಥೈರಾಯ್ಡ್ ಗ್ರಂಥಿ ಮಂದವಾದರೆ ಜಡತ್ವ, ಮರೆವು. ಚುರುಕಾದರೆ ಎದೆಬಡಿತ, ಕಳವಳ. ಸಕ್ಕರೆ ಕಾಯಿಲೆ, ಗೊರಕೆಯೊಡನೆ ಉಸಿರುಕಟ್ಟುವ ನಿದ್ರೆ, ಮನೋಖಿನ್ನತೆ ಇವೂ ಹೀಗೆಯೇ ತೋರುತ್ತವೆ. ಖಿನ್ನತೆಯೂ ಕಾಯಿಲೆಯೇ, ಅದಕ್ಕೂ ಔಷಧವುಂಟು. ಜನ ನಗುತ್ತಾರೆಂದು ಮುಚ್ಚಿಡುವುದು ಅವಿವೇಕ.

ನಮ್ಮ ಜಿಲ್ಲೆಯ ನೀರಿನ ಮಾತನ್ನೂ ಆಡಬೇಕು. ಕೋಲಾರ, ಮಾಲೂರು, ಶ್ರೀನಿವಾಸಪುರ ಸೀಮೆಯಲ್ಲಿ ಸಾವಿರ ಅಡಿ ದಾಟಿದ ಕೊಳವೆಬಾವಿಗಳು ಅಪರೂಪವಲ್ಲ. ಅನೇಕ ಕಡೆ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಅದು ಮುಖ್ಯವಾಗಿ ಹಲ್ಲು, ಮೂಳೆಗಳನ್ನು ಕೆಡಿಸುತ್ತದೆ. ಕುದಿಸಿದರೆ ಹೋಗುವುದಿಲ್ಲ, ಇನ್ನಷ್ಟು ಸಾಂದ್ರವಾಗುತ್ತದೆ. ಸುಸ್ತಿನೊಡನೆ ಕೀಲುನೋವು, ಬೆನ್ನು ಬಿಗಿತ ಇದ್ದವರು ನೀರನ್ನೂ ಪರೀಕ್ಷೆ ಮಾಡಿಸುವುದೊಳಿತು.

ಆ ತಾಯಿಗೆ ಹಿಮೋಗ್ಲೋಬಿನ್, ಬಿ-12 ಎರಡೂ ಕಡಿಮೆಯಿದ್ದವು. ಚಿಕಿತ್ಸೆಯಿಂದ ಮರೆವು, ಸುಸ್ತು ತಗ್ಗಿವೆ. ಪಾದದ ಜೋಮು ಇನ್ನೂ ಪೂರ್ತಿ ಬಿಟ್ಟಿಲ್ಲ. ಆ ಮನೆಯಲ್ಲಿ ಎರಡು ಸೀಮೆಹಸುಗಳಿವೆ. ಬೆಳಗ್ಗೆ ಸಂಜೆ ಹಾಲೆಲ್ಲ ಡೇರಿಗೆ ಹೋಗುತ್ತಿತ್ತು; ಮನೆಗೆ ಉಳಿದದ್ದು ಮಕ್ಕಳಿಗೆ, ಗಂಡಸರ ಕಾಫಿಗೆ. ಕರೆಯುವ ಕೈಗೆ ಮಾತ್ರ ನೀರು ಮಜ್ಜಿಗೆ. ಈಗ ದಿನಕ್ಕೆ ಒಂದು ಲೀಟರ್ ಹೆಚ್ಚಾಗಿ ಉಳಿಸಿಕೊಳ್ಳುತ್ತಿದ್ದೇವೆ ಎಂದು ಯಜಮಾನರು ಹೇಳಿದ್ದಾರೆ. ಅದನ್ನು ಕುಡಿಯುವವರು ಯಾರೆಂದು ಮುಂದಿನ ಸಲ ಹೋದಾಗ ಆ ತಾಯಿಯನ್ನೇ ಕೇಳಬೇಕೆಂದಿದ್ದೇನೆ.