ಕಡಲದಂಡೆಯ ಮನೆಯಲ್ಲಿ ರಜೆ ಯಾರಿಗೆ?

ನಮ್ಮ ಸೀಮೆಯ ನೀರಿಗೂ ನಮ್ಮ ಸೀಮೆಯ ಮಕ್ಕಳಿಗೂ ದಿಕ್ಕಿನ ವಿಷಯದಲ್ಲಿ ಒಂದು ಸಣ್ಣ ವ್ಯಾಜ್ಯವುಂಟು. ಬಂದಳಿಕೆಯ ಸುತ್ತುಮುತ್ತ ಬಿದ್ದ ಮಳೆ, ಶಿಕಾರಿಪುರ ಸೊರಬಗಳ ಕೆರೆಗಳನ್ನು ತುಂಬಿ ಉಕ್ಕಿದ ನೀರು, ಕುಮುದ್ವತಿಯನ್ನೋ ವರದೆಯನ್ನೋ ಹಿಡಿದು ತುಂಗಭದ್ರೆಯನ್ನು ಸೇರಿ, ಅಲ್ಲಿಂದ ಕೃಷ್ಣೆಯೊಡನೆ ದೇಶವನ್ನು ಅಡ್ಡಹಾಯ್ದು ಪೂರ್ವಸಮುದ್ರಕ್ಕೆ ಹೋಗುತ್ತದೆ. ನೇರ ಗೆರೆ ಎಳೆದು ಅಳೆದರೆ ನೂರು ಕಿಲೋಮೀಟರಿಗೂ ಕಡಿಮೆ ದೂರದಲ್ಲಿರುವ ಪಶ್ಚಿಮಸಮುದ್ರವನ್ನು ಅದು ತಿರುಗಿಯೂ ನೋಡುವುದಿಲ್ಲ. ಮಕ್ಕಳು ಹಾಗಲ್ಲ. ಏಪ್ರಿಲ್ ತಿಂಗಳಲ್ಲಿ ಶಾಲೆಯ ಬಾಗಿಲು ಮುಚ್ಚಿತೆಂದರೆ ಅವರ ಮುಖವೆಲ್ಲ ಘಟ್ಟದ ಕೆಳಕ್ಕೆ. ಹೊನ್ನಾವರವೋ, ಕುಮಟೆಯೋ, ಗೋಕರ್ಣವೋ, ಹೆಸರು ಯಾವುದಾದರೂ ಸರಿ. ಉಪ್ಪುಗಾಳಿ ಬೀಸುವ ಕಡೆ ಎಂಟು ದಿನ ಇರಬೇಕು, ಅಷ್ಟೆ.

ಇಂದು ಸಹಜವೆಂದು ತೋರುವ ಈ ಪಯಣ ಹಿಂದೆ ಅಷ್ಟು ಸಹಜವಾಗಿರಲಿಲ್ಲ. 1799ರಲ್ಲಿ ಟಿಪ್ಪುವಿನ ಪತನವಾದ ಮೇಲೆ ಉಳಿದ ಮೈಸೂರು ಸಂಸ್ಥಾನಕ್ಕೆ ಅಂಗೈಯಗಲದ ಕಡಲತೀರವೂ ಇರಲಿಲ್ಲ. ಶಿಕಾರಿಪುರ ಸೊರಬಗಳು ಮೈಸೂರಿಗೆ ಸೇರಿದ್ದರೆ, ಹೊನ್ನಾವರ ಕಾರವಾರಗಳು ಮೊದಲು ಮದರಾಸಿಗೆ, 1862ರಿಂದ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಸೊರಬದ ಕೂಸು ಸಮುದ್ರವನ್ನು ನೋಡಬೇಕಾದರೆ ಘಟ್ಟವನ್ನೂ ಇಳಿಯಬೇಕು, ಗಡಿಯನ್ನೂ ದಾಟಬೇಕು. 1956ರ ನವೆಂಬರ್ 1ರಂದು ಗಡಿ ಅಳಿಯಿತು, ಘಟ್ಟ ಉಳಿಯಿತು. ಘಟ್ಟವೂ ಈಗ ಹೆದರಿಸುವಂಥದಲ್ಲ. ಸಾಗರದಿಂದ ಗೇರುಸೊಪ್ಪೆಯ ಇಳಿಜಾರು ಹಿಡಿದರೆ ಹೊನ್ನಾವರ, ಶಿರಸಿಯಿಂದ ದೇವಿಮನೆ ಘಟ್ಟ ಇಳಿದರೆ ಕುಮಟೆ. ಬುತ್ತಿಯ ಗಂಟು ಬಿಚ್ಚುವ ಹೊತ್ತಿಗೆ ತೆಂಗಿನ ತೋಪು ಕಾಣಿಸಿಕೊಳ್ಳುತ್ತದೆ.

ಇಂಥ ರಜೆಯಲ್ಲಿ ಎರಡು ಬಗೆಯುಂಟು. ಒಂದು, ನೋಡುವ ರಜೆ. ಬೆಳಿಗ್ಗೆ ಮುರುಡೇಶ್ವರ, ಮಧ್ಯಾಹ್ನ ಇಡಗುಂಜಿ, ಸಂಜೆ ಗೋಕರ್ಣ ಎಂದು ಪಟ್ಟಿ ಹಿಡಿದು ಓಡುವುದು. ಕಂಡದ್ದಕ್ಕಿಂತ ತೆಗೆದ ಚಿತ್ರಗಳೇ ಹೆಚ್ಚಾಗಿ ಮನೆಗೆ ಮರಳುವುದು. ಇನ್ನೊಂದು, ಇರುವ ರಜೆ. ವರ್ಷವರ್ಷವೂ ಅದೇ ಊರು, ಅದೇ ಹೆಂಚಿನ ಮನೆ, ಅದೇ ಜಗಲಿ. ಬಾವಿಯ ರಾಟೆಯ ಕಿರುಗುಟ್ಟುವ ದನಿ ಹೋದ ವರ್ಷದ್ದೇ. ಮಾಡಬೇಕಾದದ್ದು ಏನೂ ಇಲ್ಲ. ಮರಳಿನಲ್ಲಿ ಗುಳಿ ತೋಡುವುದು, ಮುರುಗಲ ಶರಬತ್ತು ಕುಡಿಯುವುದು, ಅಂಕೋಲೆಯ ಕಡೆಯ ಕರಿ ಇಶಾಡ ಮಾವು ಮಾಗಿ ಬಂದಿದ್ದರೆ ಅಂಗೈಯಿಂದ ಮೊಣಕೈವರೆಗೆ ರಸ ಇಳಿಸಿಕೊಳ್ಳುವುದು, ಮಧ್ಯಾಹ್ನ ಅಲೆಗಳ ಸದ್ದು ಕೇಳುತ್ತ ನಿದ್ದೆಹೋಗುವುದು. ಎರಡನೆಯ ಬಗೆಯೇ ಮೇಲೆಂದು ನಮ್ಮ ಅಭಿಪ್ರಾಯ. ನೋಡಿ ಮುಗಿಸಿದ ಸ್ಥಳ ಮುಗಿದೇ ಹೋಗುತ್ತದೆ. ಮರಳಿ ಮರಳಿ ಹೋದ ಸ್ಥಳ ಕುಟುಂಬದ ನೆನಪಿನ ಭಾಗವಾಗುತ್ತದೆ. ಕಳೆದ ವರ್ಷ ಅಲೆಗೆ ಹೆದರಿ ಅಳುತ್ತಿದ್ದ ತಮ್ಮ ಈ ವರ್ಷ ಮೊಣಕಾಲುದ್ದ ನೀರಿಗೆ ಇಳಿದನೆಂಬುದನ್ನು ಅಳೆಯಲು ಅದೇ ದಂಡೆಯೇ ಬೇಕು.

ಸೋಮಾರಿತನಕ್ಕೆ ಇಷ್ಟು ವಕೀಲಿಯೇಕೆ ಎಂದು ಕೇಳುವವರು ಕಾರವಾರವನ್ನು ನೆನೆಯಬಹುದು. ಐ.ಸಿ.ಎಸ್. ಪರೀಕ್ಷೆಯಲ್ಲಿ ತೇರ್ಗಡೆಯಾದ ಮೊದಲ ಭಾರತೀಯರಾದ ಸತ್ಯೇಂದ್ರನಾಥ ಠಾಕೂರರು ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಕಾಲದಲ್ಲಿ, 1883ರ ಸುಮಾರಿಗೆ, ಕಲಕತ್ತೆಯಿಂದ ಮನೆಮಂದಿ ಅವರಲ್ಲಿಗೆ ಬಂದು ಕೆಲವು ಕಾಲ ತಂಗಿದ್ದರು. ಬಂದವರಲ್ಲಿ ಇಪ್ಪತ್ತೆರಡರ ಆಸುಪಾಸಿನ ತಮ್ಮ ರವೀಂದ್ರನಾಥರೂ ಒಬ್ಬರು. ಅರ್ಧಚಂದ್ರಾಕಾರದ ಆ ತೀರವನ್ನೂ, ಕಾಳೀನದಿಯ ಮೇಲಿನ ದೋಣಿಯ ವಿಹಾರವನ್ನೂ ಅವರು ತಮ್ಮ ಜೀವನಸ್ಮೃತಿಯಲ್ಲಿ ಬಣ್ಣಿಸಿದ್ದಾರೆ. ‘ಪ್ರಕೃತಿಯ ಪ್ರತಿಶೋಧ’ವೆಂಬ ನಾಟಕವನ್ನು ಬರೆದದ್ದೂ ಅಲ್ಲಿಯೇ. ಆ ತೀರಕ್ಕೆ ಇಂದು ಅವರ ಹೆಸರೇ ಇದೆ. ಸುಮ್ಮನಿರುವವನಿಗೆ ಕಡಲು ಏನನ್ನಾದರೂ ಕೊಟ್ಟೇ ಕೊಡುತ್ತದೆ. ಎಲ್ಲರಿಗೂ ನಾಟಕವನ್ನಲ್ಲದಿದ್ದರೂ, ಹಗುರಾದ ಒಂದು ಮನಸ್ಸನ್ನಂತೂ.

ಇಷ್ಟರವರೆಗೆ ವಾಚಕರು ನಮ್ಮೊಡನೆ ತಲೆದೂಗಿದ್ದಾರೆಂದು ನಂಬುತ್ತೇವೆ. ಇನ್ನು ಮುಂದಿನದು ಅಷ್ಟು ಹಿತವಾದ ಮಾತಲ್ಲ. ಆ ಹೆಂಚಿನ ಮನೆಯಲ್ಲಿ ಸುಮ್ಮನಿರುವವರು ಯಾರು ಯಾರು ಎಂಬುದನ್ನು ಒಮ್ಮೆ ಎಣಿಸಿ ನೋಡೋಣ. ಯಜಮಾನರು ಜಗಲಿಯಲ್ಲಿ ಪತ್ರಿಕೆ ಹಿಡಿದಿದ್ದಾರೆ. ಮಕ್ಕಳು ನೀರಿನಲ್ಲಿದ್ದಾರೆ. ಅಜ್ಜ ಒರಗುಕುರ್ಚಿಯಲ್ಲಿ ಕಣ್ಣುಮುಚ್ಚಿದ್ದಾರೆ. ತಾಯಿ ಎಲ್ಲಿ? ಒಳಗಿನಿಂದ ಒಗ್ಗರಣೆಯ ಸದ್ದು ಕೇಳುತ್ತಿದೆ. ಊರಿನಲ್ಲಾದರೆ ಯಾವ ಡಬ್ಬಿ ಎಲ್ಲಿದೆಯೆಂದು ಅವಳ ಕೈಗೆ ಗೊತ್ತು. ಇಲ್ಲಿ ಅದೂ ಇಲ್ಲ. ಒಲೆ ಪರಕೀಯ, ಪಾತ್ರೆ ಎರಡೇ, ಮಕ್ಕಳ ಬಟ್ಟೆಯಲ್ಲೆಲ್ಲ ಮರಳು, ಕಡಲಗಾಳಿಗೆ ಹಸಿವು ಇಮ್ಮಡಿ. ಊರಿನಲ್ಲಿ ಮೂರು ಹೊತ್ತಿಗೆ ಮುಗಿಯುತ್ತಿದ್ದ ಅಡಿಗೆ ಇಲ್ಲಿ ಐದು ಹೊತ್ತಾಗುತ್ತದೆ. ಅವಳು ಬದಲಾಯಿಸಿದ್ದು ಸ್ಥಳವನ್ನು, ಕೆಲಸವನ್ನಲ್ಲ.

ಅವಳ ಬೇಸಿಗೆ ಅದಕ್ಕೂ ಮೊದಲೇ ಆರಂಭವಾಗಿರುತ್ತದೆ. ಬಿಸಿಲಿರುವಾಗಲೇ ಹಲಸಿನ ಹಪ್ಪಳ ಒಣಗಬೇಕು, ಸಂಡಿಗೆಯಾಗಬೇಕು, ಅಪ್ಪೆಮಿಡಿ ಉಪ್ಪಿಗೆ ಬೀಳಬೇಕು, ಮಳೆಗಾಲದ ಸೌದೆ ಒಳಗೆ ಸೇರಬೇಕು. ರೋಹಿಣಿಮಳೆ ಹನಿಯುವ ಮುನ್ನ ಊರಿಗೆ ಮರಳಬೇಕು. ಈ ನಡುವೆ ಎಂಟು ದಿನ ಬಿಡುವು ಮಾಡಿಕೊಂಡು ಅವಳು ಘಟ್ಟ ಇಳಿದರೆ, ಅಲ್ಲಿಯೂ ಅವಳಿಗಾಗಿ ಕಾದಿರುವುದು ಒಲೆಯೇ.

ಇದು ನಮ್ಮ ಕಲ್ಪನೆಯ ಅಳತೆಯೆನ್ನಬೇಡಿ. ದೇಶದ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ಕೇಂದ್ರ ಸರ್ಕಾರ 2019ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ 299 ನಿಮಿಷಗಳನ್ನೂ, ಗಂಡಸರು 97 ನಿಮಿಷಗಳನ್ನೂ ಅದಕ್ಕೆ ವ್ಯಯಿಸುತ್ತಿದ್ದರೆಂದು ಕಂಡಿತು. ಅದೂ ತೊಡಗಿದವರ ಲೆಕ್ಕ ಮಾತ್ರ. ಹೆಂಗಸರಲ್ಲಿ ನೂರಕ್ಕೆ 81 ಮಂದಿ ತೊಡಗಿದ್ದರೆ, ಗಂಡಸರಲ್ಲಿ ತೊಡಗಿದವರು ನೂರಕ್ಕೆ 26 ಮಂದಿ. ಉಳಿದ ಮುಕ್ಕಾಲುಪಾಲು ಗಂಡಸರಿಗೆ ಅಡಿಗೆಮನೆಯ ಮಟ್ಟಿಗೆ ವರ್ಷವೆಲ್ಲ ರಜೆಯೇ.

ಕಡಲ ಚೆಲುವನ್ನು ಶಿವರಾಮ ಕಾರಂತರಷ್ಟು ಬಲ್ಲವರು ನಮ್ಮಲ್ಲಿ ವಿರಳ. ಅವರ ‘ಮರಳಿ ಮಣ್ಣಿಗೆ’ಯಲ್ಲಿ ಆ ಚೆಲುವಿನ ಪಕ್ಕದಲ್ಲಿಯೇ ಪಾರೋತಿ ಸರಸೋತಿಯರು ಬೆನ್ನು ಬಗ್ಗಿಸಿ ದುಡಿಯುತ್ತಾರೆ, ಕಡಲು ಅವರ ಹಿತ್ತಲಲ್ಲೇ ಇದೆ, ಆದರೆ ಅದನ್ನು ಕುಳಿತು ನೋಡುವ ಹೊತ್ತು ಇರುವುದು ಅಪರೂಪ. ನಾವು ಎಂಟು ದಿನಕ್ಕೆ ಬಾಡಿಗೆ ಹಿಡಿದ ಮನೆಯಲ್ಲಿ ಅದೇ ಕಥೆ ಸಣ್ಣ ಪ್ರಮಾಣದಲ್ಲಿ ಮತ್ತೆ ನಡೆಯುತ್ತದೆ.

ಇದಕ್ಕೆ ಸಿದ್ಧವಾದ ಉತ್ತರವೊಂದಿದೆ: “ಅವಳಿಗೆ ಮಕ್ಕಳಿಗೆ ಬಡಿಸುವುದರಲ್ಲೇ ಸಂತೋಷ.” ಸಂತೋಷವಿಲ್ಲವೆಂದು ಯಾರು ಹೇಳಿದರು? ರೈತನಿಗೂ ಉಳುಮೆಯಲ್ಲಿ ಸಂತೋಷವುಂಟು. ಹಾಗೆಂದು ಅಮಾವಾಸ್ಯೆಯ ದಿನ ನೊಗ ಕಟ್ಟಬಾರದೆಂಬ ಕಟ್ಟಳೆಯನ್ನು ಹಿರಿಯರು ಮಾಡಲಿಲ್ಲವೆ? ಪ್ರೀತಿಯಿಂದ ಮಾಡುವ ಕೆಲಸವೂ ಕೆಲಸವೇ. ಅದರಿಂದಲೂ ಸೊಂಟ ನೋಯುತ್ತದೆ. ಅವಳನ್ನೇ ಕೇಳಿದರೂ “ನನಗೇನೂ ಆಯಾಸವಿಲ್ಲ” ಎಂದೇ ಹೇಳಿಯಾಳು. ಬೇರೊಂದು ಉತ್ತರ ಕೇಳಲು ಮನೆಮಂದಿ ಸಿದ್ಧರಿಲ್ಲವೆಂಬುದು ಅವಳಿಗೆ ತಿಳಿದಿದೆ.

ಇದೇ ತೀರದಲ್ಲಿ ಇನ್ನೊಂದು ವಿಷಯವನ್ನು ಗಮನಿಸಬೇಕು. ನಾವು ಘಟ್ಟ ಹತ್ತಿ ಮರಳಿದ ಕೆಲವೇ ದಿನಗಳಲ್ಲಿ, ಜೂನ್ 1ರಿಂದ ಜುಲೈ 31ರವರೆಗೆ, ಯಂತ್ರದ ದೋಣಿಗಳು ಮೀನುಗಾರಿಕೆಗೆ ಇಳಿಯುವಂತಿಲ್ಲ. ಮೀನು ಮರಿಮಾಡುವ ಕಾಲ. ಮಳೆಗಾಲದ ಕಡಲೂ ಮುನಿದಿರುತ್ತದೆ. ಅರವತ್ತೊಂದು ದಿನ ದೋಣಿಗಳು ದಡದಲ್ಲಿ ನಿಲ್ಲುತ್ತವೆ, ಬಲೆಗಳ ರಿಪೇರಿಯಾಗುತ್ತದೆ. ಬಿಡುವು ಕೊಡದೆ ಎಳೆದರೆ ಕಡಲೂ ಬರಿದಾಗುತ್ತದೆಂದು ಕಂಡುಕೊಂಡು ಮಾಡಿದ ನಿಯಮವಿದು. ದೋಣಿಗೂ ಮೀನಿಗೂ ಕಾನೂನಿನಿಂದ ದೊರೆತ ಬಿಡುವು ಮನೆಯ ತಾಯಿಗೆ ಮಾತ್ರ ದೊರೆತಿಲ್ಲ. ಅವಳಿಗೆ ಅದನ್ನು ಕೊಡಲು ಯಾವ ಸರ್ಕಾರವೂ ಬರಬೇಕಾಗಿಲ್ಲ, ಮನೆಯವರು ಸಾಕು.

ಹೊರೆಯನ್ನು ಇನ್ನೊಬ್ಬರ ಕೈಗೆ ಒಪ್ಪಿಸುವುದು ನಮ್ಮ ಸೀಮೆಯ ಹೆಣ್ಣಿಗೆ ಹೊಸತೂ ಅಲ್ಲ. ಬಂದಳಿಕೆ ಇಂದು ಪಾಳುಬಿದ್ದ ಊರು. ಶಾಂತಿನಾಥ ಬಸದಿ, ತ್ರಿಮೂರ್ತಿ ದೇವಾಲಯ, ಸೋಮೇಶ್ವರ ದೇವಾಲಯಗಳು ಮೌನವಾಗಿ ನಿಂತಿವೆ. ಒಂದು ಕಾಲಕ್ಕೆ ಅದು ಬಂದನಿಕೆ, ನಾಗರಖಂಡ ಎಪ್ಪತ್ತರ ಮುಖ್ಯ ಸ್ಥಾನ. ಹತ್ತನೆಯ ಶತಮಾನದ ಆರಂಭದಲ್ಲಿ, ರಾಷ್ಟ್ರಕೂಟರ ಆಳ್ವಿಕೆಯಲ್ಲಿ, ಆ ನಾಡಿನ ಗಾವುಂಡನಾಗಿದ್ದ ಗಂಡ ತೀರಿಕೊಂಡ ಮೇಲೆ ಜಕ್ಕಿಯಬ್ಬೆ ಎಂಬಾಕೆ ಆ ಪದವಿಯನ್ನು ವಹಿಸಿಕೊಂಡು ನಾಡನ್ನಾಳಿದಳೆಂದು ಶಾಸನ ಹೇಳುತ್ತದೆ. ರೋಗ ಬಾಧಿಸಿದಾಗ ಆಕೆ ಮಗಳನ್ನು ಕರೆದು ತನ್ನದೆಲ್ಲವನ್ನೂ ಅವಳಿಗೆ ಒಪ್ಪಿಸಿ, ಬಂದನಿಕೆಯ ತೀರ್ಥಕ್ಕೆ ಬಂದು ಬಸದಿಯಲ್ಲಿ ವ್ರತದಿಂದ ದೇಹವನ್ನು ಬಿಟ್ಟಳು. ಅದು ವ್ರತ, ವಿಶ್ರಾಂತಿಯಲ್ಲ. ಎರಡನ್ನೂ ಬೆರೆಸುವ ಉದ್ದೇಶ ನಮಗಿಲ್ಲ. ಆದರೆ ಒಂದು ನಾಡಿನ ಹೊಣೆಯನ್ನೇ ಇನ್ನೊಬ್ಬರಿಗೆ ಒಪ್ಪಿಸಲು ಆಕೆಗೆ ಸಾಧ್ಯವಾಯಿತು. ಅದೇ ಸೀಮೆಯ ಇಂದಿನ ಗೃಹಿಣಿಗೆ ಸಟ್ಟುಗವನ್ನು ಎಂಟು ದಿನ ಒಪ್ಪಿಸಲು ಮನೆಯಲ್ಲಿ ಒಬ್ಬರೂ ಸಿಕ್ಕುವುದಿಲ್ಲವೆಂದರೆ ಏನು ಹೇಳೋಣ?

ಗಂಡಸರಿಗೆ ಅಡಿಗೆ ಬಾರದೆಂಬ ಮಾತಂತೂ ನಮ್ಮ ಕಡೆ ನಿಲ್ಲುವುದಿಲ್ಲ. ಮದುವೆ ಮುಂಜಿಗಳಲ್ಲಿ ಐನೂರು ಎಲೆಗೆ ಹುಳಿ ಪಾಯಸ ಮಾಡುವ ಅಡಿಗೆ ಭಟ್ಟರು ಗಂಡಸರೇ. ಊರ ಸಂತರ್ಪಣೆಯಲ್ಲಿ ಕೊಪ್ಪರಿಗೆಯ ಮುಂದೆ ನಿಂತು ಬೆವರುವವರೂ ಗಂಡಸರೇ. ಐನೂರು ಎಲೆಗೆ ಬಂದ ವಿದ್ಯೆ ಐದು ಎಲೆಗೆ ಬಾರದೆನ್ನುವುದು ನಂಬತಕ್ಕ ಮಾತೆ? ಅಷ್ಟಕ್ಕೂ ಕಡಲದಂಡೆಯಲ್ಲಿ ಹಬ್ಬದಡಿಗೆ ಬೇಕಾಗಿಲ್ಲ. ಕುಚ್ಚಲಕ್ಕಿಯ ಗಂಜಿ, ಒಂದು ತಂಬುಳಿ, ಊರಿನಿಂದ ತಂದ ಮಿಡಿ ಉಪ್ಪಿನಕಾಯಿ, ಸುಟ್ಟ ಹಪ್ಪಳ. ಹನ್ನೆರಡು ವರ್ಷದ ಹುಡುಗನೂ ಮಾಡಬಲ್ಲ ಊಟವಿದು. ಪಾತ್ರೆ ತೊಳೆಯಲು ಕಡಲ ಮರಳೇ ಇದೆ. ಗಂಜಿ ಒಂದು ದಿನ ಸೀದುಹೋದರೆ ಹೋಗಲಿ. ಆ ಸೀದ ಗಂಜಿಯೂ ಮುಂದಿನ ಹತ್ತು ವರ್ಷ ಮನೆಯವರ ನಗೆಗೆ ಒದಗುತ್ತದೆ.

ಹೋಟೆಲಿನ ಊಟದಿಂದ ಈ ಸಮಸ್ಯೆ ಬಗೆಹರಿಯುವುದಿಲ್ಲವೆ ಎಂದರೆ, ದುಡ್ಡಿರುವವರಿಗೆ ಬಗೆಹರಿಯುತ್ತದೆ. ಆದರೆ ದುಡ್ಡು ಕೊಟ್ಟು ಕೊಂಡ ಬಿಡುವಿನಿಂದ ಮಗ ಕಲಿಯುವುದೇನೂ ಇಲ್ಲ. ತಂದೆ ಒಲೆ ಊದುವುದನ್ನೂ, ತಾಯಿ ಸಂಜೆಯ ಹೊತ್ತಿನಲ್ಲಿ ಕಾಲು ಚಾಚಿ ಅಲೆಗಳನ್ನು ನೋಡುತ್ತ ಕುಳಿತಿರುವುದನ್ನೂ ಒಟ್ಟಿಗೆ ಕಂಡ ಮಗ, ಮುಂದೆ ತನ್ನ ಸಂಸಾರದಲ್ಲಿ ಅದನ್ನು ಹೇಳಿಸಿಕೊಳ್ಳದೆ ಮಾಡಿಯಾನು.

ಬರುವ ಬೇಸಿಗೆಗೆ ಕಡಲದಂಡೆಯಲ್ಲಿ ಮನೆ ಗೊತ್ತುಮಾಡಲು ಈಗಲೇ ಕಾಗದ, ಫೋನು ಓಡಾಡುತ್ತಿರಬಹುದು. ಬಾಡಿಗೆ ಎಷ್ಟು, ಬಾವಿಯಲ್ಲಿ ನೀರಿದೆಯೆ, ದಂಡೆಗೆ ಎಷ್ಟು ದೂರ ಎಂದೆಲ್ಲ ಯಜಮಾನರು ವಿಚಾರಿಸಲಿ. ಅದರ ಜೊತೆಗೆ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು, ಯಾವ ದಿನ ಒಲೆ ಯಾರದೆಂಬ ಸರದಿಯನ್ನೂ ಒಂದು ಚೀಟಿಯಲ್ಲಿ ಬರೆದಿಡಲಿ. ತಾಯಿಯ ಹೆಸರು ಆ ಚೀಟಿಯಲ್ಲಿ ಬೇಡ.