ಕೈ ಒಬ್ಬರದು, ಹೆಸರು ಇನ್ನೊಬ್ಬರದು!

ಅಮೇರಿಕೆಯ ಲ್ಯಾರಿ ಗಗೋಸಿಯನ್ ಎಂಬ ಚಿತ್ರ ವರ್ತಕನನ್ನು ಜಗತ್ತಿನ ಶ್ರೀಮಂತರು ಕಲೆಯ ಮಹಾಪೋಷಕನೆಂದು ಕೊಂಡಾಡುತ್ತಾರೆ. ಈತ ಕುಂಚ ಹಿಡಿದು ಹೆಸರಾದವನಲ್ಲ. 1970ರ ದಶಕದಲ್ಲಿ ಲಾಸ್ ಏಂಜಲಿಸ್‌ನಲ್ಲಿ ಅಚ್ಚಿನ ಪೋಸ್ಟರು ಮಾರುತ್ತಿದ್ದ. ಅದು ತಪ್ಪಲ್ಲ, ನಮ್ಮ ಓದುಗರಲ್ಲೂ ಅನೇಕರು ಸಂತೆಯಲ್ಲಿ ಅಂಗಡಿ ಹಾಸಿ ಬದುಕುವವರೇ. ನಮ್ಮ ತಕರಾರು ಆಮೇಲಿನದು.

1985ರಲ್ಲಿ ನ್ಯೂಯಾರ್ಕಿನಲ್ಲಿ ಮಳಿಗೆ ತೆರೆದವನು 2012ರ ಹೊತ್ತಿಗೆ 11 ಮಳಿಗೆಗಳ ಧಣಿಯಾದ. ಆ ವರ್ಷ ಅಷ್ಟೂ ಮಳಿಗೆಗಳಲ್ಲಿ ಏಕಕಾಲಕ್ಕೆ ಡೇಮಿಯನ್ ಹರ್ಸ್ಟ್‌ನ ಬಣ್ಣದ ಚುಕ್ಕೆಯ ಚಿತ್ರಗಳನ್ನು ತೂಗುಹಾಕಿದ. ಆ ಚುಕ್ಕೆಗಳಲ್ಲಿ ಬಹುಪಾಲನ್ನು ಬಳಿದವರು ಕೂಲಿಯ ಸಹಾಯಕರು. ಅವರ ಹೆಸರು ಯಾವ ಗೋಡೆಯ ಮೇಲಿತ್ತು?

ಚಳ್ಳಕೆರೆಯ ಶೇಂಗಾಕ್ಕೆ ತೂಕವಿದೆ, ಎಣ್ಣೆಯ ಇಳುವರಿಯಿದೆ, ಪೇಟೆಯಲ್ಲಿ ಎಲ್ಲರೆದುರು ಕೂಗುವ ಧಾರಣೆಯಿದೆ. ಚಿತ್ರಕ್ಕೆ ಅಂಥ ಅಳತೆ ಯಾವುದೂ ಇಲ್ಲ. ಯಾರಿಗೆ ಮಾರಬೇಕು, ಯಾರನ್ನು ಕಾಯಿಸಬೇಕು ಎಂಬುದನ್ನು ದೊಡ್ಡ ವರ್ತಕನೇ ತೀರ್ಮಾನಿಸುತ್ತಾನೆ. ತನ್ನ ಕಲಾವಿದನ ಚಿತ್ರ ಹರಾಜಿಗೆ ಬಂದರೆ ಬೆಲೆ ಬೀಳದಂತೆ ತಾನೇ ಸವಾಲು ಕೂಗುವುದೂ ಉಂಟು. 2016ರಲ್ಲಿ ನ್ಯೂಯಾರ್ಕಿನ ಅಧಿಕಾರಿಗಳು ಮಾರಾಟ ತೆರಿಗೆಯ ವಿಚಾರಣೆ ನಡೆಸಿದಾಗ ಗಗೋಸಿಯನ್ ಸಂಸ್ಥೆ 42.8 ಲಕ್ಷ ಡಾಲರು ಕಟ್ಟಿ ರಾಜಿಯಾಯಿತು. ಕಿರಾಣಿ ಅಂಗಡಿಯವನಿಗೆ ಇಂಥ ರಾಜಿಯ ಭಾಗ್ಯ ಎಲ್ಲಿಂದ ಬರಬೇಕು?

ಇದೆಲ್ಲ ಸಮುದ್ರದಾಚೆಯ ಮಾತೆನ್ನಬೇಡಿ. ಮೊಳಕಾಲ್ಮೂರಿನ ಮಗ್ಗದ ಮನೆಗಳನ್ನು ನೋಡಿ. ಹೂವು, ಹಣ್ಣು, ಪ್ರಾಣಿಗಳನ್ನು ರೇಷ್ಮೆಯಲ್ಲಿ ಮೂಡಿಸುವ ಕೈ ಚಿತ್ರಕಾರನ ಕೈಗೆ ಯಾವುದರಲ್ಲಿ ಕಡಿಮೆ? ಆದರೆ ಎಷ್ಟೋ ಮನೆಗಳಲ್ಲಿ ನೂಲು ಕೊಡುವವನೂ ಸಾಹುಕಾರ, ಸೀರೆ ಒಯ್ಯುವವನೂ ಸಾಹುಕಾರ. ನೇಯ್ದವನಿಗೆ ಮಜೂರಿ ಮಾತ್ರ. 2011ರಲ್ಲಿ ಈ ಸೀರೆಗೆ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಸಂತೋಷ. ಊರಿನ ಹೆಸರಿಗೆ ರಕ್ಷಣೆ ಸಿಕ್ಕಿತು, ಮಜೂರಿಗೆ ಸಿಗಲಿಲ್ಲ.

1994ರ ತಿದ್ದುಪಡಿಯಿಂದ ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ 53ಎ ಕಲಮು ಸೇರಿದೆ. ಚಿತ್ರವೊಂದು 10,000 ರೂಪಾಯಿಗೆ ಮೀರಿ ಮರುಮಾರಾಟವಾದರೆ ಬಿಡಿಸಿದವನಿಗೂ ಪಾಲು ಸಲ್ಲಬೇಕು. ಆ ಪಾಲು ಶೇಕಡಾ 10ನ್ನು ಮೀರುವಂತಿಲ್ಲ. ಚಿತ್ರ, ಶಿಲ್ಪ, ಹಸ್ತಪ್ರತಿಗಳಿಗೆ ಈ ನ್ಯಾಯವಿದೆ, ಸೀರೆಗಿಲ್ಲ. ಬಟ್ಟೆಯ ಮೇಲೆ ಬಣ್ಣ ಬಳಿದವನು ಕಲಾವಿದ, ಬಟ್ಟೆಯನ್ನೇ ಚಿತ್ರವಾಗಿಸಿದವನು ಕೂಲಿ! ಇದು ಯಾವ ನ್ಯಾಯ?

ವ್ಯಾಪಾರ ನಿಲ್ಲಲೆಂದು ನಾವು ಹೇಳುತ್ತಿಲ್ಲ; ಮಾರುವವರೂ ಬೇಕು. ನಾವು ಕೇಳುವುದಿಷ್ಟು: ಪ್ರತಿ ಸೀರೆಯ ಚೀಟಿಯ ಮೇಲೆ ನೇಯ್ದವರ ಹೆಸರು ಮತ್ತು ಅವರಿಗೆ ಕೊಟ್ಟ ಮಜೂರಿ, ಎರಡೂ ಅಚ್ಚಾಗಲಿ. ಬೆಲೆಯ ಪಕ್ಕದಲ್ಲಿ ಮಜೂರಿಯನ್ನು ಓದಿದ ಮೇಲೆ ಲಾಭ ಯಾರ ಪಾಲಾಯಿತೆಂದು ಕೊಳ್ಳುವವರಿಗೇ ತಿಳಿಯುತ್ತದೆ. ಲೆಕ್ಕ ಶುದ್ಧವಿರುವ ಸಾಹುಕಾರರು ಹೆದರಬೇಕಾಗಿಲ್ಲ. ಹೆದರುವವರು ಯಾರೆಂದು ನೋಡೋಣ.