ಬೆನ್ನಿನ ಹುಣ್ಣಿಗೆ ಮನೆಯವರನ್ನು ದೂರಬೇಡಿ

ಲಕ್ವ ಹೊಡೆದವರ ಬೆನ್ನಿನಲ್ಲಿ ಹುಣ್ಣಾದರೆ ಅದು ಮನೆಯವರ ಅಸಡ್ಡೆಯ ಗುರುತು ಎಂದು ಕಳೆದ ಸಂಚಿಕೆಯ ಲೇಖಕರು ತೀರ್ಪು ಕೊಟ್ಟಿದ್ದಾರೆ. ನಾನಿದನ್ನು ಒಪ್ಪುವುದಿಲ್ಲ. ನಮ್ಮ ಅತ್ತೆಯವರನ್ನು 14 ತಿಂಗಳು ನೋಡಿಕೊಂಡವಳು ನಾನು. ಆಸ್ಪತ್ರೆಯಿಂದ ಬಿಡುವಾಗ ಕೊಟ್ಟ ಚೀಟಿಯಲ್ಲಿ 7 ಮಾತ್ರೆಗಳ ಹೆಸರಿತ್ತು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಎಂಬ ಒಂದು ಸಾಲು ಇರಲಿಲ್ಲ.

ಮೈ ಜೋಮು ಹಿಡಿದರೆ ನಾವು ನಿದ್ದೆಯಲ್ಲೂ ಹೊರಳುತ್ತೇವೆ. ಲಕ್ವವಾದವರಿಗೆ ಹೊರಳುವ ಬಲವಿಲ್ಲ, ಎಷ್ಟೋ ಸಲ ನೋವು ತಿಳಿಯುವುದೂ ಇಲ್ಲ. ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕ ಮಾಂಸಕ್ಕೆ ರಕ್ತ ಹರಿಯದೆ, ಕೆಲವೇ ಗಂಟೆಗಳಲ್ಲಿ ಅದು ಒಳಗಿನಿಂದಲೇ ಸಾಯತೊಡಗುತ್ತದೆ. ಮೊದಲ ಸೂಚನೆ ಚರ್ಮ ಕೆಂಪಾಗುವುದು. ನಮ್ಮಂಥ ಕಪ್ಪು ಮೈಬಣ್ಣದವರಲ್ಲಿ ಆ ಕೆಂಪೂ ಸುಲಭಕ್ಕೆ ಕಾಣದು.

ಅಕ್ಕರೆಯಿಂದಲೇ ನಾನು ಆ ಜಾಗಕ್ಕೆ ಎಣ್ಣೆ ಹಚ್ಚಿ ತಿಕ್ಕಿದೆ, ಗಾಳಿ ತುಂಬಿದ ಉಂಗುರದ ದಿಂಬಿನ ಮೇಲೆ ಕೂರಿಸಿದೆ. ಎರಡೂ ತಪ್ಪು. ತಿಕ್ಕಿದರೆ ನೊಂದ ಮಾಂಸ ಇನ್ನಷ್ಟು ಹಾಳಾಗುತ್ತದೆ, ಉಂಗುರವು ಸುತ್ತಲಿನ ರಕ್ತವನ್ನೇ ತಡೆಯುತ್ತದೆ. ಮೀನಖಂಡದಡಿ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಎತ್ತಿಡಬೇಕೆಂದು ಕಲಿಸಿದ್ದು ಆಮೇಲೆ ಮನೆಗೆ ಬಂದ ನರ್ಸಮ್ಮ. ಅಷ್ಟರಲ್ಲಿ ಸೊಂಟದ ಹುಣ್ಣು ಮೂಳೆ ಮುಟ್ಟಿತ್ತು.